ಅರುಂಧತಿ ಕಂಡವರ ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ: ನನಗೆ ಬೆಳಕು ಕಂಡರೆ ಆಗುವುದಿಲ್ಲ. ಹಗಲಿನ ಬೆಳಕಿನ ಮೇಲೆ ತಕರಾರಿಲ್ಲ, ಅದು ಸೂರ್ಯನ ಸ್ವಂತ ವ್ಯವಹಾರ. ನಾನು ಹೇಳುತ್ತಿರುವುದು ರಾತ್ರಿಯ ಬೆಳಕಿನ ಮಾತು. ನೆಟ್ಟಗೆ ಒಂದು ಗಟಾರವಿಲ್ಲ, ಕೂತು ಓದಲು ಒಂದು ಗ್ರಂಥಾಲಯವಿಲ್ಲ, ಅಂಥ ನಮ್ಮ ಬೆಣಚಿಗಟ್ಟಿಗೆ ಆಕಾಶದಲ್ಲಿ ಕನ್ನಡಿ ತೂಗುಹಾಕಿಸಿಕೊಳ್ಳುವ ಚಟ ಯಾಕೆ ಬೇಕಿತ್ತು? ಕೇಳಿದರೆ ಅಭಿವೃದ್ಧಿ ಅನ್ನುತ್ತಾರೆ. ಆ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ.

ನನ್ನ ಹೆಸರು ಮೌನೇಶ ಬಡಿಗೇರ. ಇಲ್ಲಿನ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಮೂವತ್ತಮೂರು ವರ್ಷ ದುಡಿದು ನಿವೃತ್ತನಾದವನು. "ಹೆಸರಿಗೆ ಮೌನೇಶ, ಬಾಯಿ ಮಾತ್ರ ಬಸ್‌ಸ್ಟ್ಯಾಂಡು" ಎಂದು ನನ್ನ ಹೆಂಡತಿ ದಾಕ್ಷಾಯಣಿ ನೆಂಟರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ಹೋದ ವರ್ಷ ನನ್ನ ಎದೆಗೆ ಎರಡು ಸ್ಟೆಂಟ್ ಹಾಕಿದ ಮೇಲೆ ಬಾಯಿಯೊಂದೇ ಮೊದಲಿನಷ್ಟು ಗಟ್ಟಿ ಉಳಿದಿರುವುದು.

ಕನ್ನಡಿಯ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ದೀಪಾಂಬರ ಎನ್ನುವ ಕಂಪನಿ ಭೂಮಿಯಿಂದ ಮೂರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಹದಿನಾರು ಕನ್ನಡಿಗಳನ್ನು ಸಾಲಾಗಿ ಸುತ್ತಲು ಬಿಟ್ಟಿದೆ. ಒಂದೊಂದೂ ಮೂರು ಎಕರೆಯಷ್ಟು ಅಗಲ, ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳುವಾದ ಹಾಳೆ. ನಮಗೆ ಸೂರ್ಯ ಮುಳುಗಿದರೂ ಅಷ್ಟು ಎತ್ತರದಲ್ಲಿ ಮುಳುಗಿರುವುದಿಲ್ಲ. ಅಲ್ಲಿಯ ಬಿಸಿಲನ್ನು ಹಿಡಿದು ನಮ್ಮ ಊರಿನ ಮೇಲೆ ಬಗ್ಗಿಸುವುದು ಅವುಗಳ ಕೆಲಸ. ಒಂದು ಕನ್ನಡಿ ಕೆಳಗಿಳಿಯುತ್ತಿದ್ದಂತೆ ಇನ್ನೊಂದು ಆ ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಸೂರ್ಯ ಚುಕ್ಕೆಯಲ್ಲ, ತಟ್ಟೆ. ಹಾಗಾಗಿ ಕನ್ನಡಿ ಎಷ್ಟೇ ಸಣ್ಣದಿದ್ದರೂ ಬೆಳಕು ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರಿನಂತೆ ಹರಡಿಕೊಳ್ಳುತ್ತದೆ. ಮೂರು ಸಾವಿರಕ್ಕೆ ಹತ್ತಿರ ಹತ್ತಿರ ಮೂವತ್ತು. ಬೆಣಚಿಗಟ್ಟಿ ಇರುವುದೇ ಐದಾರು ಕಿಲೋಮೀಟರ್! ಉಳಿದ ಬೆಳಕು ಯಾರಪ್ಪನ ಮನೆಗೆ? ಹೊಲಕ್ಕೆ, ಕೆರೆಗೆ, ನನ್ನ ಗುಡ್ಡಕ್ಕೆ.

ದಿನಾ ರಾತ್ರಿ ಏಳರಿಂದ ಬೆಳಗಿನ ಐದರವರೆಗೆ ಎಂಟು ಹುಣ್ಣಿಮೆಗಳನ್ನು ಒಟ್ಟು ಮಾಡಿದಷ್ಟು ಬೆಳಕು. ನೆತ್ತಿಯ ಮೇಲೆ ಕಣ್ಣು ಕುಕ್ಕುವ ಒಂದು ಚುಕ್ಕೆ, ಅದರ ಕೆಳಗೆ ಬ್ಲೇಡಿನಲ್ಲಿ ಕತ್ತರಿಸಿದಂಥ ನೆರಳುಗಳು. ಕಾಗೆಗಳಿಗೆ ತಲೆ ಕೆಟ್ಟು ನಡುರಾತ್ರಿ ಕೂಗುತ್ತವೆ. ಮಂದಿ ಮೊದಲ ಆರು ತಿಂಗಳು ಕಿಟಕಿಗೆ ಕಂಬಳಿ ಹೊದಿಸಿ ಮಲಗಿದರು, ಆಮೇಲೆ ಅದೂ ರೂಢಿಯಾಯಿತು. ಈ ಊರಿಗೆ ಯಾವುದು ರೂಢಿಯಾಗುವುದಿಲ್ಲ ಹೇಳಿ!

ನನ್ನ ಗುಡ್ಡ ಅಂದೆನಲ್ಲ, ಅದು ಕರೇಗುಡ್ಡ. ಊರಿನಿಂದ ಹನ್ನೊಂದು ಕಿಲೋಮೀಟರ್. ಅದನ್ನು ಹುಡುಕಲು ನನಗೆ ಎರಡು ವರ್ಷ ಹಿಡಿದಿತ್ತು. ಸಣ್ಣ ಊರಿನ ಸುತ್ತ ಎಲ್ಲಿ ನಿಂತರೂ ನಕ್ಷತ್ರ ಕಾಣುತ್ತವೆ ಅಂದುಕೊಂಡವರು ಒಮ್ಮೆ ದೂರದರ್ಶಕ ಹೊತ್ತುಕೊಂಡು ತಿರುಗಿ ನೋಡಬೇಕು. ಕೆರೆಯ ದಂಡೆಯಲ್ಲಿ ಆರ್ದ್ರತೆ, ಮಸೂರದ ಮೇಲೆ ಹತ್ತೇ ನಿಮಿಷಕ್ಕೆ ಇಬ್ಬನಿ. ಉತ್ತರಕ್ಕೆ ಜಲ್ಲಿ ಕ್ರಷರಿನ ಧೂಳು. ಪಡುವಣಕ್ಕೆ ಗಾಳಿಯಂತ್ರಗಳ ನೆತ್ತಿಯಲ್ಲಿ ಮಿಟುಕುವ ಕೆಂಪು ದೀಪ. ಹೆದ್ದಾರಿಯ ಬದಿಗೆ ಧಾಬಾ. ಕರೇಗುಡ್ಡ ಮಾತ್ರ ಊರಿಗೆ ಬೆನ್ನು ಕೊಟ್ಟು ಕೂತಿತ್ತು. ಮೇಲೆ ಕಪ್ಪು ಬಂಡೆ, ಧೂಳಿನ ಪದರ ಕೆಳಗೇ ಉಳಿಯುತ್ತಿತ್ತು, ಮೂಡಣ ಪೂರ್ತಿ ಬಯಲು. ಹಿಂಗಾರಿನ ಒಂದು ಮಳೆ ಬಿದ್ದು ಗಾಳಿ ತೊಳೆದ ಮೇಲಂತೂ ಆಕಾಶಗಂಗೆಯ ಒಳಗಿನ ಕಪ್ಪು ಬಿರುಕುಗಳು ಸಹ ಕಾಣುತ್ತಿದ್ದವು. ಅಲ್ಲಿ ಕೂತು ಮೂವತ್ತೊಂದು ವರ್ಷ ನಾನು ಒಂದೇ ಒಂದು ನಕ್ಷತ್ರವನ್ನು ನೋಡಿದೆ.

ಉತ್ತರ ಕಿರೀಟ ಎನ್ನುವ ಪುಂಜದಲ್ಲಿರುವ ನಕ್ಷತ್ರ ಅದು. ವರ್ಷಗಟ್ಟಲೆ ಸುಮ್ಮನೆ ಒಂದೇ ಸಮ ಬೆಳಗುತ್ತದೆ. ಒಮ್ಮೆಲೆ, ಯಾವ ಮುನ್ಸೂಚನೆಯೂ ಇಲ್ಲದೆ, ತಾನೇ ಉಗುಳಿದ ಮಸಿಯ ಹಿಂದೆ ಮರೆಯಾಗಿ ಮಂಕಾಗುತ್ತ ಹೋಗುತ್ತದೆ. ಎಷ್ಟು ಮಂಕಾಗುತ್ತದೆ, ಎಷ್ಟು ದಿನ, ಹೇಗೆ ಮೇಲೇಳುತ್ತದೆ ಎಂದು ಬದಿಯ ನಕ್ಷತ್ರಗಳೊಂದಿಗೆ ಹೋಲಿಸಿ ಬರೆದಿಡುವುದು ನನ್ನ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ. ನಾನೇ ಗಾಜು ತಿಕ್ಕಿ ಮಾಡಿದ ಎಂಟಂಗುಲದ ದೂರದರ್ಶಕ, ಮೂವತ್ತೊಂದು ವರ್ಷದ ಹದಿನೇಳು ವಹಿಗಳು. "ಅಂತರಿಕ್ಷದಾಗ ದೊಡ್ಡ ದೊಡ್ಡ ದುರ್ಬೀನು ಅದಾವು, ನಿಮ್ಮ ವಹಿ ಯಾರಿಗೆ ಬೇಕ್ರಿ?" ಎಂದು ಕೇಳಿದವರಿದ್ದಾರೆ. ನನಗೆ ಬೇಕು. ಅಷ್ಟು ಸಾಲದೆ?

ಈ ಯುಗಾದಿಯ ಹೊತ್ತಿಗೆ ಆ ನಕ್ಷತ್ರ ಇಳಿಯಲು ಶುರುಮಾಡಿದೆ ಎಂದು ದೂರದ ವೀಕ್ಷಕರಿಂದ ಸುದ್ದಿ ಬಂತು. ಅದು ತಳ ಮುಟ್ಟುವುದನ್ನು ನೋಡಬೇಕಾದರೆ ಕತ್ತಲೆ ಬೇಕು. ನನ್ನ ಎದೆಯ ಲೆಕ್ಕದಲ್ಲಿ ಇನ್ನೊಮ್ಮೆ ಅದು ಇಳಿಯುವವರೆಗೆ ನಾನಿರುತ್ತೇನೋ ಇಲ್ಲವೋ. ಬಸ್ಸು ಹತ್ತಿ ದೂರ ಹೋಗಿ ಎಂದು ಸಲಹೆ ಕೊಡಬೇಡಿ. ಆಚೆಯ ಊರಿಗೂ ಕನ್ನಡಿ ಬಂದಿದೆ, ಅದರಾಚೆಯದಕ್ಕೂ. ತಟ್ಟೆಗೆ ತಟ್ಟೆ ತಾಗಿದೆ.

ಒಂದೇ ಒಂದು ದಾರಿಯಿತ್ತು. ಕಂಪನಿಯ ಪರವಾನಗಿ ಪತ್ರದಲ್ಲಿ ಕತ್ತಲೆ ಕಲಂ ಎಂದೊಂದಿದೆ. ಗೊತ್ತುಮಾಡಿದ ಒಂದು ನಕ್ಷತ್ರ ಊರಿನ ಮೂರರಲ್ಲೊಂದು ಪಾಲು ಮನೆಯವರಿಗೆ ಕಾಣದಿದ್ದರೆ, ತಿಂಗಳಿಗೆ ಎಂಟು ರಾತ್ರಿ, ಅಮಾವಾಸ್ಯೆಯ ಆಚೆ ನಾಲ್ಕು ಈಚೆ ನಾಲ್ಕು, ಕನ್ನಡಿಗಳನ್ನು ಊರಿನಿಂದ ಆಚೆ ತಿರುಗಿಸಬೇಕು. ಪರವಾನಗಿ ನವೀಕರಣಕ್ಕೆಂದು ಚೈತ್ರದಲ್ಲಿ ಸಮೀಕ್ಷೆ ನಡೆಯುವುದಿತ್ತು. ಎಂಟು ರಾತ್ರಿ! ನನಗೆ ಅಷ್ಟು ಸಾಕಾಗಿತ್ತು.

ಸಮೀಕ್ಷೆಯ ನಿಯಮ ಬರೆಯುವ ಸಮಿತಿಯಲ್ಲಿ ಖಗೋಳ ಸಲಹೆಗಾರನೆಂದು ನನ್ನನ್ನೂ ಹಾಕಿಕೊಂಡಿದ್ದರು. ಸಭೆ ನಡೆದದ್ದು ದೀಪಾಂಬರದ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯ ತುಂಬ ಪರದೆಗಳು, ಹದಿನಾರು ಕನ್ನಡಿಗಳ ಹದಿನಾರು ಹಸಿರು ಗೆರೆ, ಹಲ್ಲು ಕಟಕಟಿಸುವಷ್ಟು ಎ.ಸಿ. ಪಾಳಿಯ ಮುಖ್ಯಸ್ಥ ಅಲ್ತಾಫ ನದಾಫ, ನನ್ನದೇ ಪ್ರಯೋಗಾಲಯದಲ್ಲಿ ಓದಿ ಹೋದವನು. ವೋಲ್ಟ್‌ಮೀಟರಿನ ತಂತಿ ಉಲ್ಟಾ ಜೋಡಿಸಿ ನನ್ನಿಂದ ಬೈಸಿಕೊಂಡವನು ಈಗ ಸೂರ್ಯನನ್ನು ತಿರುಗಿಸುತ್ತಾನೆ.

ಅಲ್ತಾಫ ಅಂಗೈಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. "ಸರ್, ಇದು ಕತ್ತಲಮಾಪಕ. ಮ್ಯಾಲೆ ಮುಖ ಮಾಡಿ ಇಟ್ರ ಆಕಾಶ ಎಷ್ಟು ಕಪ್ಪೈತಿ ಅಂತ ಅಂಕಿ ಕೊಡತೈತಿ. ಇದನ್ನ ಇಡೂಣು."

"ಯಾರ ಪೆಟ್ಟಿಗಿ ಅದು?" ಎಂದೆ.

"ಕಂಪನೀದು."

"ಕಳ್ಳನ ಕೈಯಾಗ ಕೀಲಿ ಕೊಡು ಅಂತೀ? ನಿಮ್ಮ ಪೆಟ್ಟಿಗಿ ನಿಮಗ ಬೇಕಾದ ಅಂಕಿನ ಹೇಳತೈತಿ. ಕಣ್ಣಿಗಿಂತ ದೊಡ್ಡ ಮಾಪಕ ಯಾವುದೈತೋ? ಮಂದಿ ಕಣ್ಣಿಲೆ ನೋಡ್ಲಿ, ಮಂದಿ ಹೇಳ್ಲಿ."

"ಮಾಪಕ ಇರ್ಲಿ ಬಿಡ್ರಿ ಸರ್. ಮಾಪಕಕ್ಕ ಬಳಗ ಇರೂದಿಲ್ಲ" ಎಂದು ಅಲ್ತಾಫ ಮೆಲ್ಲಗೆ ಅಂದ. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಆಗುವಷ್ಟು ತಾಳ್ಮೆಯೂ ಇರಲಿಲ್ಲ. ನಿಯಮಾವಳಿಯ ಕರಡು ಎಳೆದುಕೊಂಡು ಮಾಪಕ ಎಂದಿದ್ದ ಸಾಲನ್ನು ನನ್ನ ಪೆನ್ನಿನಿಂದಲೇ ಹೊಡೆದುಹಾಕಿದೆ.

ಯಾವ ನಕ್ಷತ್ರ ಎಂಬ ಪ್ರಶ್ನೆ ಬಂತು. ಅದಕ್ಕೂ ನನ್ನಲ್ಲಿ ಉತ್ತರ ರೆಡಿ. ಸಪ್ತರ್ಷಿ ಮಂಡಲ ಚೈತ್ರದಲ್ಲಿ ಸಂಜೆ ಎಂಟಕ್ಕೆ ಎತ್ತರದಲ್ಲಿರುತ್ತದೆ. ಅದರ ಬಾಲದ ನಡುವೆ ವಸಿಷ್ಠ, ವಸಿಷ್ಠನ ಮಗ್ಗುಲಿಗೆ ಸಣ್ಣದಾಗಿ ಅರುಂಧತಿ. ಕತ್ತಲೆ ಚೆನ್ನಾಗಿದ್ದರೆ ಯಾರ ಕಣ್ಣಿಗಾದರೂ ಕಾಣುತ್ತದೆ, ಎಂಟು ಹುಣ್ಣಿಮೆಯ ಬೆಳಕಿನಲ್ಲಿ ಹದ್ದಿನ ಕಣ್ಣಿಗೂ ಕಾಣುವುದಿಲ್ಲ. ಮೇಲಾಗಿ ಹೆಸರು ಹೇಳಿದರೆ ಸಾಕು, ಊರಿನ ಮುದುಕರಿಂದ ಹುಡುಗರವರೆಗೆ ಎಲ್ಲರಿಗೂ ಗೊತ್ತು. ಸಮಿತಿಯವರು ಭಲೇ ಅಂದರು. ಕಂಪನಿಯ ವಕೀಲ ಎಲ್ಲರಿಗಿಂತ ಮೊದಲು ಸಹಿ ಮಾಡಿದ. ಅವನು ನಗುತ್ತಿದ್ದುದು ನೋಡಿಯೂ ನನ್ನ ತಲೆಗೆ ಹೊಳೆಯಲಿಲ್ಲ.

ಮನೆಗೆ ಬಂದು ದಾಕ್ಷಾಯಣಿಗೆ ಹೇಳಿದೆ. ಅವಳು ಅಂಗಳದಲ್ಲಿದ್ದಳು. ನಮ್ಮ ಅಂಗಳವೇ ಅವಳ ರೊಟ್ಟಿ ಕೇಂದ್ರ. ಕನ್ನಡಿ ಬಂದ ಮೇಲೆ ಸಂಜೆ ಏಳಕ್ಕೆ ಇಪ್ಪತ್ತು ಇಪ್ಪತ್ತೆರಡು ಹೆಣ್ಣುಮಕ್ಕಳು ಬಂದು ಸಾಲಾಗಿ ಕೂತು ಹತ್ತರವರೆಗೆ ಜೋಳದ ರೊಟ್ಟಿ ಬಡಿಯುತ್ತಾರೆ. ಹೆಚ್ಚಿನವರು ಗಂಡನನ್ನು ಕಳಕೊಂಡವರು. ಒಂದು ಬಲ್ಬಿಲ್ಲ, ಕರೆಂಟಿನ ಕಿರಿಕಿರಿಯಿಲ್ಲ, ಆಮೇಲೆ ಎಲ್ಲರೂ ಒಬ್ಬೊಬ್ಬರೇ ನಡೆದು ಮನೆ ಸೇರುತ್ತಾರೆ.

"ಎಂಟು ರಾತ್ರಿ ಬಂದ್ ಆಗತೈತಿ ನೋಡು" ಎಂದೆ ಹಿಗ್ಗಿನಿಂದ.

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. "ನಿಮ್ಮ ಕತ್ತಲಿ ನಿಮಗ ಚಂದ. ಈ ಗಂಗವ್ವ ಹಳೇ ಸಂತಿ ಮೈದಾನ ದಾಟಿ ಮನೀಗೆ ಹೋಗಬೇಕು. ಮೊದಲು ಹೆಂಗ ಹೋಗತಿದ್ಲು ಕೇಳ್ರಿ. ಕೈಯಾಗ ಕಾರಪುಡಿ ಹಿಡಕೊಂಡು ಓಡತಿದ್ಲು."

"ಎಂಟು ದಿನ ಅಷ್ಟ."

"ಎಂಟು ದಿನ ನೀವು ಹೋಗ್ರಿ ಬೆನ್ನ ಹಿಂದ" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಬಡಿತ ನನ್ನ ಕೆನ್ನೆಗೆ ಬಿದ್ದಂತಿತ್ತು. ನಾನೂ ಬಿಡಲಿಲ್ಲ, ನಿನಗೆ ನಕ್ಷತ್ರ ಅಂದರೆ ಎಳ್ಳು ಹಚ್ಚಿದ ರೊಟ್ಟಿಯಷ್ಟೇ ಎಂದು ಅಂದುಬಿಟ್ಟೆ. ಅಂದು ಇಬ್ಬರೂ ಬೇರೆ ಬೇರೆ ಉಂಡೆವು.

ಸಮೀಕ್ಷೆ ಮೂರು ಸಂಜೆ ನಡೆಯಿತು. ವಾರ್ಡಿಗೆ ಇಬ್ಬರಂತೆ ಹೆಣ್ಣುಮಕ್ಕಳು ಸಪ್ತರ್ಷಿಗಳ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆಗೆ ಹೋಗಿ, ಮನೆಯವರನ್ನು ಮಾಳಿಗೆಗೆ ಹತ್ತಿಸಿ ತೋರಿಸಿ, ಕಂಡಿತು ಅಥವಾ ಕಾಣಲಿಲ್ಲ ಎಂದು ಬರೆಸಿಕೊಂಡರು. ನಾನು ಸಮಿತಿಯವನಾದ್ದರಿಂದ ಆ ಮೂರೂ ಸಂಜೆ ಹೊರಗೆ ತಿರುಗುತ್ತಿದ್ದೆ. ಬೀದಿಯಲ್ಲಿ ನಿಂತು ನಾನೇ ನೋಡಿದೆ. ಅರುಂಧತಿಯ ಮಾತಿರಲಿ, ವಸಿಷ್ಠನೇ ಹುಡುಕಾಡುವಂತಿದ್ದ. ಗೆದ್ದೆ ಅಂದುಕೊಂಡೆ.

ಫಲಿತಾಂಶ ಬಂತು. ಉತ್ತರ ಕೊಟ್ಟವರಲ್ಲಿ ನೂರಕ್ಕೆ ತೊಂಬತ್ತೇಳು ಮನೆಯವರು "ಕಂಡಿತು" ಎಂದು ಬರೆದಿದ್ದರು.

ನಾನು ಕಾಗದವನ್ನು ಎರಡು ಸಲ ಓದಿದೆ. ಕಂಪನಿಯವರು ಎಲ್ಲರನ್ನೂ ಕೊಂಡುಕೊಂಡಿದ್ದಾರೆ ಎಂದು ಬೀದಿಯಲ್ಲೇ ಒದರಿದೆ. ಕಟಿಂಗ್ ಅಂಗಡಿಯವನನ್ನು ಹಿಡಿದು ಕೇಳಿದೆ: "ಖರೇ ಹೇಳು, ಕಂಡಿತೇನು ನಿನಗ?" "ಎಲ್ಲಿ ಕಾಣತೈತ್ರಿ, ಬೆಳ್ಳಗ ಹಾಲು ಚೆಲ್ಲಿದಂಗ ಐತಿ" ಎಂದ. "ಮತ್ತ ಕಂಡಿತು ಅಂತ ಬರದೀಯಲ್ಲೋ?" ಅಂದರೆ ಕತ್ತರಿ ಝಾಡಿಸುತ್ತ ಬೇರೆ ಕಡೆ ನೋಡಿದ. ಪಾತ್ರೆ ಅಂಗಡಿಯವನೂ ಹಾಗೇ, ನಿವೃತ್ತ ಹೆಡ್‌ಮಾಸ್ತರೂ ಹಾಗೇ. ಯಾರಿಗೂ ಕಂಡಿರಲಿಲ್ಲ, ಎಲ್ಲರೂ ಕಂಡಿತು ಎಂದು ಬರೆದಿದ್ದರು. ಇವರಿಗೆಲ್ಲ ಏನು ಧಾಡಿ?

ಉರಿಯುತ್ತ ಮನೆಗೆ ಬಂದೆ. ದಾಕ್ಷಾಯಣಿ ಹಿಟ್ಟು ಸಾಣಿಸುತ್ತಿದ್ದಳು. "ಈ ಊರಾಗ ಒಬ್ಬರಿಗಾದ್ರೂ ಖರೇ ಬರಿಯೂ ಧೈರ್ಯ ಇಲ್ಲ. ನಮ್ಮ ಮನೀದು ಒಂದಾದ್ರೂ ಸರಿ ಬಂತಲ್ಲ" ಎಂದೆ.

ಅವಳು ಜರಡಿ ಆಡಿಸುತ್ತಲೇ ಇದ್ದಳು.

"ಏನ್ ಬರದಿ ನೀ?"

"ಕಂಡಿತು ಅಂತ ಬರದೆ."

ಜರಡಿಯನ್ನು ಕಿತ್ತು ಅಂಗಳಕ್ಕೆ ಎಸೆದೆ. ಹಿಟ್ಟು ಹಾರಿ ಅವಳ ತಲೆಯ ಮೇಲೆಲ್ಲ ಬಿತ್ತು. "ನನ್ನ ಮ್ಯಾಲೆ ಹಗಿ ಸಾಧಿಸಿದಿ!"

ಅವಳು ಹಿಟ್ಟು ಕೊಡವಿಕೊಳ್ಳಲೂ ಇಲ್ಲ. "ಅರುಂಧತಿ ಕಾಣಲಿಲ್ಲ ಅಂದವರಿಗೆ ಆರು ತಿಂಗಳಾಗ ಮನ್ಯಾಗ ಸಾವು ಅಂತ ನಮ್ಮವ್ವ ಹೇಳ್ಯಾಳ, ಅವರವ್ವ ಹೇಳ್ಯಾಳ. ಊರ ಮಂದೀಗೆಲ್ಲ ಗೊತ್ತು. ನಿಮ್ಮ ಎದಿಯಾಗ ಎರಡು ಕಬ್ಬಿಣ ಕುಂತಾವ. ನಾ ನನ್ನ ಕೈಯಾರೆ ಹೆಂಗ ಬರೀಲಿ ಕಾಣಲಿಲ್ಲ ಅಂತ? ಬ್ಯಾರೆ ಚಿಕ್ಕಿ ಸಿಗಲಿಲ್ಲೇನು ನಿಮಗ? ಅಷ್ಟು ದೊಡ್ಡ ಆಕಾಶದಾಗ?"

ನಾನು ಕಟ್ಟೆಯ ಮೇಲೆ ಕುಸಿದೆ. ನಮ್ಮ ಮದುವೆಯ ದಿನ ನೆನಪಾಯಿತು. ಉರಿಬಿಸಿಲು, ಮಟಮಟ ಮಧ್ಯಾಹ್ನ. ಆಚಾರ್ಯರು ನಮ್ಮಿಬ್ಬರನ್ನೂ ಚಪ್ಪರದಾಚೆ ಕರೆತಂದು ಆಕಾಶಕ್ಕೆ ಬೆರಳು ಮಾಡಿ, "ಅರುಂಧತಿ ಕಂಡಿತೇನವ್ವಾ?" ಎಂದರು. ಅವಳು ಕಂಡಿತು ಅಂದಳು. "ಕಂಡಿತೇನಪಾ?" ಹಗಲು ಹನ್ನೆರಡಕ್ಕೆ ನಕ್ಷತ್ರ ಕಾಣುವುದಿಲ್ಲ ಎಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ನಾನೂ ಕಂಡಿತು ಅಂದೆ. ಈ ನಾಡಿನಲ್ಲಿ ಅರುಂಧತಿ ಕಂಡಿತೇ ಅನ್ನುವುದು ಪ್ರಶ್ನೆಯೇ ಅಲ್ಲ, ಅದಕ್ಕೆ ಒಂದೇ ಉತ್ತರ. ಮೂವತ್ತೊಂದು ವರ್ಷ ಆಕಾಶ ನೋಡಿದವನು ಅಕ್ಕಪಕ್ಕದ ಮನೆ ನೋಡಿರಲಿಲ್ಲ. ನಾನೇ ತೋಡಿದ ಗುಂಡಿ, ನಾನೇ ಬಿದ್ದಿದ್ದೆ.

ಮರುದಿನ ನಾಚಿಕೆ ಬಿಟ್ಟು ನಿಯಂತ್ರಣ ಕೊಠಡಿಗೆ ಹೋದೆ. ಅಲ್ತಾಫ ಕುರ್ಚಿ ಎಳೆದುಕೊಟ್ಟ. ಛಾವಣಿಯ ಮೇಲೆ ಇಟ್ಟಿದ್ದ ಮಾಪಕದ ಅಂಕಿಗಳನ್ನು ಪರದೆಯ ಮೇಲೆ ತೋರಿಸಿದ. ಸಮೀಕ್ಷೆಯ ಮೂರೂ ಸಂಜೆ ಅರುಂಧತಿ ಕಾಣಲು ಬೇಕಾದ ಕತ್ತಲೆಯ ಹತ್ತರಲ್ಲೊಂದು ಪಾಲೂ ಇರಲಿಲ್ಲ.

"ಪೆಟ್ಟಿಗಿ ಇದ್ದಿದ್ರ ನೀವು ಗೆಲ್ತಿದ್ರಿ ಸರ್. ನಿಮ್ಮ ಪೆನ್ನಿಲೆ ಹೊಡದ್ರಿ."

"ನಿಮ್ಮ ಓಣ್ಯಾಗಾದ್ರೂ ಕಾಣಲಿಲ್ಲ ಅಂತ ಬರೀಬೇಕಿತ್ತಲ್ಲೋ. ನಿಮಗೇನ್ ಅರುಂಧತಿ?"

"ನಾವೂ ಕಂಡಿತು ಅಂತನ ಬರದ್ವಿ ಸರ್. ಊರ ಮಂದಿಗೆಲ್ಲ ಕಂಡೈತಿ, ನಾವಷ್ಟ ಇಲ್ಲ ಅಂದು ಅಪಶಕುನ ಯಾಕ ಹೊರಬೇಕು ಅಂತ ನಮ್ಮ ಅಬ್ಬಾ ಅಂದ್ರು."

ಅವನೇ ಮನೆಗಳ ಪಟ್ಟಿ ತೆಗೆದ. ಸಾವಿರದ ಒಂದುನೂರು ಮನೆಗಳ ಮುಂದೆ ಕಂಡಿತು ಎಂದೂ ಇರಲಿಲ್ಲ, ಕಾಣಲಿಲ್ಲ ಎಂದೂ ಇರಲಿಲ್ಲ. "ಮನೆಗೆ ಬೀಗ" ಎಂದಿತ್ತು. ಸಾಲುಸಾಲು ನೋಡುತ್ತ ಹೋದೆ. ಹಳೇ ಸಂತೆ ಮೈದಾನದ ಹಿಂದೆ, ಗಂಗವ್ವನ ಮನೆ: ಬೀಗ. ಗಂಗವ್ವ ಹುಟ್ಟಿದಾಗಿನಿಂದ ಊರು ಬಿಟ್ಟವಳಲ್ಲ. ಮುಂದಿನ ಹೆಸರೂ ನಮ್ಮ ಅಂಗಳದಲ್ಲಿ ರೊಟ್ಟಿ ಬಡಿಯುವವಳದೇ. ಮತ್ತೊಂದೂ ಅಷ್ಟೆ. ಗಂಡನಿಲ್ಲದ ಹೆಂಗಸರ ಮನೆಗಳವು. ಅರುಂಧತಿಯನ್ನು ತೋರಿಸುವುದು ಮುತ್ತೈದೆಗೆ. ಇವರ ಬಾಗಿಲು ತಟ್ಟಿ ಏನೆಂದು ತೋರಿಸುವುದು ಎಂದು ವಾರ್ಡಿನ ಹೆಣ್ಣುಮಕ್ಕಳು ಸುಮ್ಮನೆ ಬೀಗ ಎಂದು ಬರೆದು ಮುಂದೆ ಹೋಗಿದ್ದರು. ಜೀವಂತ ಮನುಷ್ಯರ ಬಾಗಿಲಿಗೆ ಕಾಗದದ ಬೀಗ! ನನಗೆ ಅಸಹ್ಯವಾಯಿತು. ಅದರ ಬೆನ್ನಿಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

"ಇದರ ಮ್ಯಾಲೆ ಅಪೀಲು ಹೋಗಾಕ ಬರತೈತೇನು?" ಎಂದು ಕೇಳಿದೆ.

ಅಲ್ತಾಫ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬರತೈತಿ. ಇಪ್ಪತ್ತು ಮನೆಯವರು ಅಧಿಕಾರಿ ಮುಂದ ಪ್ರಮಾಣ ಮಾಡಿ ಕಾಣಲಿಲ್ಲ ಅನ್ನಬೇಕು. ಆದ್ರ ಅದರಾಗ ಒಂದಾದ್ರೂ ಮನಿ ಮೊದಲು ಕಂಡಿತು ಅಂತ ಬರದಿದ್ದು, ಈಗ ತಪ್ಪಾತು ಅಂತ ಒಪ್ಪಿಕೊಳ್ಳಬೇಕು. ಅಂದ್ರ ಸಮೀಕ್ಷೆ ಸುಳ್ಳು ಅಂತ ಆಗತೈತಿ. ಆಮ್ಯಾಲೆ ಮಾಪಕ ಇಟ್ಟು ಮತ್ತ ಮಾಡತಾರ. ನಾ ಹೇಳಿದ್ನಿ ಅಂತ ಹೇಳಬ್ಯಾಡ್ರಿ ಸರ್, ನೌಕರಿ ಹೋದೀತು."

ಹತ್ತೊಂಬತ್ತು ಮನೆ ಒಂದೇ ದಿನದಲ್ಲಿ ಸಿಕ್ಕವು. ನಾನು ಮೊದಲು ಹೋದದ್ದು ಗಂಗವ್ವನ ಬಳಿಗೆ. ವಿಷಯ ಕೇಳಿ ಅವಳು ನಕ್ಕಳು, ಒಳ್ಳೆಯ ನಗೆಯಲ್ಲ. "ಇಪ್ಪತ್ತು ವರ್ಷದಾಗ ನನ್ನ ಏನಾರ ಕೇಳಾಕ ಬಂದಾವ ನೀನ ಮೊದಲಿಗ ನೋಡು ಯಣ್ಣಾ. ಕಾಣಲಿಲ್ಲ. ಬರಕೋ. ನಂದೇನು ಹೋಗೂದೈತಿ? ಹೋಗೂದು ಹೋಗಿ ಮುಗದೈತಿ."

"ಬೆಳಕು ಹೋಗತೈತಿ, ತಿಂಗಳಿಗೆ ಎಂಟು ದಿನ" ಎಂದೆ. ಅಷ್ಟಾದರೂ ಪ್ರಾಮಾಣಿಕತೆ ಇತ್ತು ನನ್ನಲ್ಲಿ.

"ಬೆಳಕು ಬೇಕು ಯಣ್ಣಾ ನಂಗ. ಬೇಕು ಅಂತ ಸುಳ್ಳ ಹೇಳಲೇನು?" ಎಂದು ಹೆಬ್ಬೆಟ್ಟು ಒತ್ತಿದಳು. ಉಳಿದವರನ್ನು ಅವಳೇ ಕರೆತಂದಳು.

ಇನ್ನೊಂದು ಮನೆ ಬೇಕಿತ್ತು, ಕಂಡಿತು ಎಂದು ಬರೆದ ಮನೆ. ಮೂರು ದಿನ ಊರೆಲ್ಲ ತಿರುಗಿದೆ. ಬಾಗಿಲು ಹಾ ಅನ್ನುವಷ್ಟರಲ್ಲಿ ಮುಚ್ಚುತ್ತಿದ್ದವು. "ಮನ್ಯಾಗ ಬಸುರಿ ಅದಾಳ್ರಿ", "ನಮ್ಮ ಮಾವಗ ಹುಷಾರಿಲ್ರಿ". ಹೆಡ್‌ಮಾಸ್ತರು, ವಿಜ್ಞಾನ ಕಲಿಸಿದವರು, "ಬಡಿಗೇರ, ನಂಬಿಕೆ ಇಲ್ಲ ನನಗ, ಆದ್ರ ಯಾಕ ಬೇಕು" ಎಂದು ಚಹಾ ಕೊಟ್ಟು ಕಳಿಸಿದರು. ನಾಲ್ಕನೆಯ ದಿನ ನನ್ನ ಹೆಂಡತಿಯ ಮುಂದೆ ಬಂದು ನಿಂತೆ.

"ನಮ್ಮ ಮನಿ ಒಂದ ಉಳದೈತಿ. ಬಂದು ತಪ್ಪಾತು ಅನ್ನು. ಕೈ ಮುಗೀತೀನಿ. ನಕ್ಷತ್ರ ಇಳ್ಯಾಕತ್ತೈತಿ. ಈ ಅಮಾವಾಸಿ ಹೋತಂದ್ರ ಹೋತು."

ದಾಕ್ಷಾಯಣಿ ಮುಗಿದ ನನ್ನ ಕೈಗಳನ್ನು ಕೆಳಗಿಳಿಸಿದಳು. "ಆ ಹತ್ತೊಂಬತ್ತು ಮಂದಿ ಗಂಡನ್ನ ಕಳಕೊಂಡ ಮ್ಯಾಲೆ ಖರೇ ಹೇಳ್ಯಾರ. ನಾನೂ ಕಳಕೊಂಡ ಮ್ಯಾಲೆ ಹೇಳ್ತೀನಿ. ಅಲ್ಲೀತನಕ ತಡೀರಿ."

ನನಗೆ ಸಿಟ್ಟು ನೆತ್ತಿಗೇರಿತು. ಮೂಢಿ, ಮೊಂಡಿ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಒಳಗೆ ಹೋಗಿ ನನ್ನ ಗುಳಿಗೆ, ನೀರು ತಂದಿಟ್ಟು ಹೋದಳು. ಆ ರಾತ್ರಿ ನಾನು ಮಾಡಬಾರದ್ದನ್ನು ಮಾಡಿದೆ. ಅಪೀಲಿನ ಅರ್ಜಿಯಲ್ಲಿ ಇಪ್ಪತ್ತನೆಯ ಹೆಸರು ಅವಳದೇ ಬರೆದೆ. ಅವಳನ್ನು ಕೇಳಲಿಲ್ಲ. ರೊಟ್ಟಿಯ ಎಣಿಕೆಯಲ್ಲಿ ಒಂದು ತಪ್ಪಿದರೂ ಹಿಂದಕ್ಕೆ ಕರೆದು ಕೊಡುವ ಹೆಂಗಸು, ಪ್ರಮಾಣ ಮಾಡಿಸಿದರೆ ನಾಲ್ಕು ಮಂದಿಯ ಎದುರು ಸುಳ್ಳು ಹೇಳಲಾರಳು ಎಂದು ನನಗೆ ಗ್ಯಾರಂಟಿ ಇತ್ತು. ಅಷ್ಟು ಚೆನ್ನಾಗಿ ಅವಳನ್ನು ಬಲ್ಲೆ ಅಂದುಕೊಂಡಿದ್ದೆ.

ವಿಚಾರಣೆ ಪುರಭವನದಲ್ಲಿ, ಹಗಲು ಹನ್ನೊಂದಕ್ಕೆ. ಹೊರಗಿನಿಂದ ಬಂದಿದ್ದ ಅಧಿಕಾರಿ, ಕನ್ನಡಕದ ಒಬ್ಬ ಹೆಣ್ಣುಮಗಳು. ಊರು ನೆರೆದಿತ್ತು. ಮುಂದಿನ ಸಾಲಿನಲ್ಲಿ ಹತ್ತೊಂಬತ್ತು ಮಂದಿ, ಅವರ ಜೊತೆ ಬಂದಿದ್ದ ದಾಕ್ಷಾಯಣಿ. ತನ್ನ ಕೇಂದ್ರದ ಹೆಣ್ಣುಮಕ್ಕಳು ಒಬ್ಬಂಟಿಯಾಗಿ ನಿಲ್ಲಬಾರದೆಂದು ಬಂದಿದ್ದಳು. ತನ್ನ ಹೆಸರೂ ಪಟ್ಟಿಯಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಗಂಗವ್ವ ಮೊದಲು ಎದ್ದಳು. "ಕಾಣಲಿಲ್ರಿ" ಎಂದಳು. ಹಿಂದಿನಿಂದ ಯಾವನೋ, "ಮುಂಡೇರಿಗೆ ಹೆಂಗ ಕಂಡೀತು" ಎಂದ. ನಕ್ಕವರೂ ಇದ್ದರು. ಒಬ್ಬೊಬ್ಬರೇ ಎದ್ದರು, ಒಬ್ಬೊಬ್ಬರೇ ಕಾಣಲಿಲ್ಲ ಅಂದರು, ಉಗುಳುವಂಥ ಮಾತು ಕೇಳಿಸಿಕೊಂಡೇ ಕೂತರು. ಹತ್ತೊಂಬತ್ತಾಯಿತು.

"ಇಪ್ಪತ್ತನೆಯವರು ದಾಕ್ಷಾಯಣಿ ಮೌನೇಶ ಬಡಿಗೇರ" ಎಂದು ಅಧಿಕಾರಿ ಓದಿದರು.

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಸಾಯುವವರೆಗೆ ಮರೆಯುವುದಿಲ್ಲ. ಗಂಗವ್ವ ಅವಳ ಬೆನ್ನು ಸವರಿ, "ಹೋಗವ್ವಾ, ಹೇಳು" ಎಂದಳು. ಎದ್ದು ಹೋಗಿ ನಿಂತಳು. ಪ್ರಮಾಣ ಮಾಡಿಸಿದರು.

"ನೀವು ಸಮೀಕ್ಷೆಯಲ್ಲಿ ಕಂಡಿತು ಎಂದು ಬರೆದಿದ್ದೀರಿ. ಅದು ತಪ್ಪು ಎಂದು ನಿಮ್ಮ ಯಜಮಾನರು ಅರ್ಜಿ ಕೊಟ್ಟಿದ್ದಾರೆ. ಯೋಚನೆ ಮಾಡಿ ಹೇಳಿ. ಅಂದು ಸಂಜೆ ನಿಮಗೆ ಅರುಂಧತಿ ಕಂಡಿತೇ?"

ಅವಳು ಹತ್ತೊಂಬತ್ತು ಮಂದಿಯನ್ನು ನೋಡಿದಳು. ಆಮೇಲೆ ನನ್ನನ್ನು. ನನ್ನ ಮುಖವನ್ನಲ್ಲ, ಎದೆಯನ್ನು.

"ಕಂಡಿತ್ರಿ" ಎಂದಳು. ಕಟ್ಟಕಡೆಯ ಸಾಲಿಗೂ ಕೇಳುವಂತೆ. "ಸ್ವಚ್ಛ ಕಂಡಿತು. ಯಾರರ ಕಾಣಲಿಲ್ಲ ಅಂದ್ರ ಅವರ ಕಣ್ಣಿನ ದೋಷ."

ಸಭೆ ಚಪ್ಪಾಳೆ ಹೊಡೆಯಿತು. ಅಪೀಲು ವಜಾ ಆಯಿತು. ಕನ್ನಡಿಗಳಿಗೆ ಇನ್ನೈದು ವರ್ಷ ಪರವಾನಗಿ. ಗಂಗವ್ವ ಸೆರಗು ಕೊಡವಿ ಎದ್ದಳು, ದಾಕ್ಷಾಯಣಿಯ ಮಗ್ಗುಲಿನಿಂದಲೇ ಹಾದುಹೋದಳು, ಕಣ್ಣೆತ್ತಿಯೂ ನೋಡಲಿಲ್ಲ. ಉಳಿದ ಹದಿನೆಂಟು ಮಂದಿಯೂ ಹಾಗೇ ಹೋದರು.

ಸಂಜೆ ನಾನು ಮನೆಯಲ್ಲಿ ನಿಲ್ಲದೆ ದೂರದರ್ಶಕ ಹೊತ್ತು ಕರೇಗುಡ್ಡ ಹತ್ತಿದೆ. ಉತ್ತರ ಕಿರೀಟ ಮೂಡಣದಲ್ಲಿ ಏರಿತ್ತು. ಇರಬೇಕಾದ ಜಾಗಕ್ಕೆ ಮುಖ ಮಾಡಿ ಒಂದು ತಾಸು ಕಣ್ಣಿಟ್ಟೆ. ಬೂದಿಬಣ್ಣದ ಬೆಳಕು, ಅಷ್ಟೆ. ಬದಿಯ ನಕ್ಷತ್ರಗಳೂ ಇಲ್ಲ, ನನ್ನದೂ ಇಲ್ಲ. ಹದಿನೇಳನೆಯ ವಹಿಯಲ್ಲಿ ಬರೆಯಲು ಏನೂ ಉಳಿದಿರಲಿಲ್ಲ. ಅಲ್ಲಿಯೇ ಕೂತು ಅತ್ತೆ, ಹೇಳಲು ನಾಚಿಕೆಯೇನೂ ಇಲ್ಲ.

ಮನೆ ಮುಟ್ಟಿದಾಗ ಒಂಬತ್ತೂವರೆಯಾಗಿತ್ತು. ಅಂಗಳದಲ್ಲಿ ಕನ್ನಡಿಯ ಬೆಳಕು ಸುರಿಯುತ್ತಿತ್ತು. ಹೆಂಚುಗಳು ತಣ್ಣಗಿದ್ದವು. ಇಪ್ಪತ್ತೆರಡು ಮಣೆಗಳ ಸಾಲಿನಲ್ಲಿ ದಾಕ್ಷಾಯಣಿ ಒಬ್ಬಳೇ ಕೂತಿದ್ದಳು; ಯಾರೂ ಬಂದಿರಲಿಲ್ಲ, ಯಾರೂ ಬರುವುದಿಲ್ಲ ಎಂದು ಹೇಳಿಕಳಿಸಿದ್ದರಂತೆ.

"ಪ್ರಮಾಣ ಮಾಡಿ ಸುಳ್ಳ ಹೇಳಿದಿ" ಎಂದೆ.

"ಹೌದು, ಹೇಳಿದೆ" ಎಂದಳು. ಅಳುತ್ತಿರಲಿಲ್ಲ. "ನಿಮ್ಮ ಚಿಕ್ಕಿ ಹೋತು. ನನ್ನ ಮಂದಿ ಹೋದ್ರು. ನೀವೊಬ್ಬರು ಉಳದೀರಿ. ಕೈಕಾಲು ತೊಳಕೊಂಡು ಉಣ್ಣಾಕ ಬರ್ರಿ."

ನಾನು ಕೈಕಾಲು ತೊಳೆದುಕೊಂಡೆ.